ಮಲೆನಾಡಿನ ದುಡಿಮೆಗಾರರ ಸೊಂಟನೋವು: ಅದರ ಮೂಲವನ್ನು ಶೋಧಿಸುವ ಕ್ರಮ

ಸಕಲೇಶಪುರವನ್ನು ದಾಟಿ ಮಂಗಳೂರಿನ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ ಕೆಲವೇ ಮೈಲಿಗಳಲ್ಲಿ ದೋಣಿಗಲ್ ಸಿಕ್ಕುವುದು. ಸುಬ್ರಹ್ಮಣ್ಯದ ಕಡೆಗೆ ಘಟ್ಟವಿಳಿಯುವ ರೈಲುದಾರಿಯಲ್ಲಿ ಸಕಲೇಶಪುರದ ತರುವಾಯದ ನಿಲ್ದಾಣವೂ ಇದೇ ಆಗಿದೆ. ಇಲ್ಲಿಯ ತೋಟಗಳಲ್ಲಿ ಸಮತಟ್ಟಾದ ನೆಲವೆಂದರೆ ಕಾಫಿ ಒಣಗಿಸುವ ಕಣವೂ ಕಣಿವೆಯ ಗದ್ದೆಯೂ ಮಾತ್ರ. ಉಳಿದುದೆಲ್ಲವೂ ಏರು, ಇಲ್ಲವೆ ಇಳಿಜಾರು. ಇಂಥ ನೆಲದಲ್ಲಿ ೨೦-೩೦ ವರ್ಷ ದುಡಿದವರನ್ನು ಕುಶಲಪ್ರಶ್ನೆ ಮಾಡಿದರೆ ‘ಎಲ್ಲಾ ಸರಿ, ಸೊಂಟ ಒಂದು ಹಿಡಿದುಕೊಂಡಿದೆ’ ಎಂಬ ಉತ್ತರವು ಬಹಳ ಸಾಮಾನ್ಯವಾದುದು. ಆಲೂರು, ಸಕಲೇಶಪುರದ ಸೀಮೆಯಲ್ಲಿ ಈ ಮಾತನ್ನು ಕೇಳದ ತೋಟದ ರೈಟರಾಗಲಿ ಮೇಸ್ತ್ರಿಯಾಗಲಿ ಇರಲಾರರು.

ವರ್ಷದ ಕೆಲಸದ ಕ್ರಮವನ್ನು ನೋಡಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮುಂಗಾರಿಗೆ ಮೊದಲು ಮರಗಸಿ. ಆಳು ನೆರಳು ಮರವನ್ನು ಹತ್ತಿ, ಕೊಂಬೆಯ ಮೇಲೆ ನಿಂತು, ನಡುವನ್ನು ತಿರುಚಿ ಕತ್ತಿ ಬೀಸಬೇಕು. ಮಳೆ ಹಿಡಿದ ಮೇಲೆ ಗದ್ದೆಯ ನಾಟಿ. ಹೆಂಗಸರು ಗೊರಬನ್ನು ಬೆನ್ನಿಗೆ ಹಾಕಿಕೊಂಡು, ಮೊಣಕಾಲನ್ನು ಹೆಚ್ಚು ಮಡಿಸದೆ ನಡುವನ್ನೇ ಬಗ್ಗಿಸಿ, ಕೆಸರಿನಲ್ಲಿ ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತ ಹೊತ್ತು ಮುಳುಗುವವರೆಗೆ ಸಸಿ ನೆಡುವರು. ಬೋರ್ಡೋ ದ್ರಾವಣವನ್ನು ಸಿಂಪಡಿಸುವವನ ಬೆನ್ನಿನ ಮೇಲೆ ೧೬ ಲೀಟರಿನ ಡಬ್ಬಿ ತುಂಬಿರುವುದು. ನವೆಂಬರಿನ ಸುಮಾರಿಗೆ ಹಣ್ಣಿನ ಕುಯ್ಲು ಮೊದಲಾದರೆ, ಸೊಂಟಕ್ಕೆ ಕಟ್ಟಿದ ಚೀಲವು ಗಳಿಗೆಗಳಿಗೆಗೂ ಭಾರವಾಗುತ್ತ ಹೋಗುವುದು; ಇಳಿಜಾರಿನಲ್ಲಿ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಅದಾದ ಬಳಿಕ ಏಣಿ ಹತ್ತಿ ಮೆಣಸು ಬಿಡಿಸುವುದು. ಇವುಗಳ ನಡುವೆ ಮೂಟೆ ಹೊರುವುದು ಎಂದಿಗೂ ತಪ್ಪದು.

ಬೆಳೆಯ ರೋಗಗಳನ್ನು ಕುರಿತು ಬರೆಯತಕ್ಕ ಈ ಪತ್ರಿಕೆಯಲ್ಲಿ ಮನುಷ್ಯನ ಸೊಂಟದ ಮಾತೇಕೆಂದು ವಾಚಕರು ಕೇಳಬಹುದು. ಕೃಷಿಗೆ ಬೇಕಾದ ಉಪಕರಣಗಳಲ್ಲಿ ದುಡಿಯುವವನ ಶರೀರವೇ ಮೊದಲನೆಯದು ಎಂಬುದು ಒಂದು ಉತ್ತರ. ಇನ್ನೊಂದು ಉತ್ತರವೂ ಉಂಟು. ಸೊಂಟನೋವಿನ ಮೂಲವನ್ನು ಹುಡುಕುವ ಕ್ರಮಕ್ಕೂ ಅನುಭವಸ್ಥನಾದ ಬೆಳೆಗಾರನು ಗಿಡವನ್ನು ಪರೀಕ್ಷಿಸುವ ಕ್ರಮಕ್ಕೂ ಬಹಳ ಹತ್ತಿರದ ನಂಟಿದೆ. ಅರೇಬಿಕಾ ಗಿಡದ ಎಲೆ ಹಳದಿಯಾಗಿ ಬಾಡಿದರೆ ಎಲೆಗೆ ಔಷಧ ಬಳಿಯುವವನು ಹೊಸಬ. ತಿಳಿದವನು ಕಾಂಡವನ್ನು ಕೈಯಿಂದ ಸವರಿ, ಏಣುಗಳು ಎದ್ದಿವೆಯೇ ಎಂದು ನೋಡುವನು. ಬಿಳಿ ಕಾಂಡಕೊರಕವು ಒಳಗಿದ್ದರೆ ಬಾಧೆ ಕಾಣುವುದು ಮೇಲೆ, ಹುಳುವಿರುವುದು ಕೆಳಗೆ. ಮೆಣಸಿನ ಬಳ್ಳಿಯೂ ಹಾಗೆಯೇ. ಮಳೆಗಾಲದಲ್ಲಿ ಎಲೆಗೆ ಕಪ್ಪು ಮಚ್ಚೆ ಬಿದ್ದು ಕೆಲವೇ ದಿನಗಳಲ್ಲಿ ಬಳ್ಳಿ ಸೊರಗಿದರೆ ಅದು ಒಂದು ರೋಗ. ಮಳೆ ನಿಂತ ಮೇಲೆ ಮೆಲ್ಲಮೆಲ್ಲನೆ ಹಳದಿಯಾಗಿ, ಮರುವರ್ಷದ ಮಳೆಗೆ ಸ್ವಲ್ಪ ಚೇತರಿಸಿದಂತೆ ತೋರಿ, ಮತ್ತೆ ಇಳಿದರೆ ಅದು ಬೇರಿನ ಜಂತುಹುಳುವಿನಿಂದಾಗುವ ಇನ್ನೊಂದು ರೋಗ. ಎರಡನ್ನೂ ಬೇರ್ಪಡಿಸುವುದು ಎಲೆಯ ಬಣ್ಣವಲ್ಲ. ಯಾವಾಗ ಮೊದಲಾಯಿತು, ಹೇಗೆ ನಡೆಯಿತು ಎಂಬ ಚರಿತ್ರೆ. ಫಿಸಿಯೋಥೆರಪಿ ಎಂದು ಜನರು ಕರೆಯುವ ಭೌತಚಿಕಿತ್ಸೆಯಲ್ಲಿ ನಿಪುಣರಾದವರು ರೋಗಿಯ ಮುಂದೆ ಕುಳಿತು ಮಾಡುವ ವಿಚಾರವೂ ಈ ಜಾತಿಯದೇ ಆಗಿದೆ.

ಒಂದೇ ಮಾತು, ಹಲವು ಜಾಗ

ಮೊದಲನೆಯ ತೊಡಕು ನಮ್ಮ ಮಾತಿನಲ್ಲಿಯೇ ಇದೆ. ‘ಸೊಂಟ’ ಎಂಬ ಒಂದೇ ಶಬ್ದದಿಂದ ನಾವು ಬೆನ್ನಿನ ಕೆಳಭಾಗವನ್ನೂ, ಸೀರೆಯ ನೆರಿಗೆ ಕೂರುವ ನಡುವನ್ನೂ, ಚಪ್ಪೆಯನ್ನೂ, ತೊಡೆ ಸೇರುವ ಕೀಲನ್ನೂ ಸೂಚಿಸುವೆವು. ಆದುದರಿಂದ ‘ಸೊಂಟ ನೋಯುತ್ತದೆ’ ಎಂದು ಬಂದವರಿಗೆ ಬಲ್ಲ ಚಿಕಿತ್ಸಕರು ಮಾತಿನಲ್ಲಿ ಉತ್ತರ ಕೇಳದೆ, ‘ಕೈಯಿಟ್ಟು ತೋರಿಸಿ’ ಎನ್ನುವರು. ಕೈಯು ಬೆನ್ನೆಲುಬಿನ ಅಕ್ಕಪಕ್ಕದಲ್ಲಿ ಅಡ್ಡವಾಗಿ ಹೋದರೆ ಒಂದು ಬಗೆ. ಹೆಬ್ಬೆರಳು ಪಿರ್ರೆಯ ಮೇಲೂ ಉಳಿದ ಬೆರಳುಗಳು ತೊಡೆಸಂದಿನ ಮೇಲೂ ಬರುವಂತೆ ಚಪ್ಪೆಯನ್ನು ಅಂಗೈಯಲ್ಲಿ ಹಿಡಿದು ತೋರಿಸಿದರೆ ತೊಡೆಯ ಕೀಲಿನ ಮೇಲೆ ಸಂಶಯ ಹುಟ್ಟುವುದು. ಚಪ್ಪೆಯ ಹೊರಮಗ್ಗುಲಿನ ಉಬ್ಬಿದ ಮೂಳೆಯ ಮೇಲೆ ಅಂಗೈಯಿಟ್ಟರೆ ಅಲ್ಲಿಯ ಸ್ನಾಯುಬಂಧಗಳನ್ನು ನೆನೆಯಬೇಕು. ಸೊಂಟದ ಕೆಳಗೆ, ಹಿಂಬದಿಯ ಗುಳಿಯ ಹತ್ತಿರ ಒಂದೇ ಬೆರಳನ್ನಿಟ್ಟು ತೋರಿಸುವವರೂ ಉಂಟು. ಬೆನ್ನೆಲುಬಿನ ಬುಡವು ಚಪ್ಪೆ ಮೂಳೆಯೊಡನೆ ಸೇರುವ ಕೀಲು ಅಲ್ಲಿರುವುದು.

ಆದರೆ ಇದು ಆರಂಭವೇ ಹೊರತು ನಿರ್ಣಯವಲ್ಲ. ನರಗಳು ಒಂದೇ ಮೂಲದಿಂದ ಹಲವು ಕಡೆಗೆ ಹರಡಿರುವುದರಿಂದ ನೋವು ಹುಟ್ಟಿದಲ್ಲಿಯೇ ಕಾಣಿಸಿಕೊಳ್ಳಬೇಕೆಂಬ ನಿಯಮವಿಲ್ಲ. ತೊಡೆಯ ಕೀಲು ಸವೆದವರಲ್ಲಿ ಕೆಲವರು ಮೊಣಕಾಲು ನೋವೆಂದೇ ಹೇಳಿಕೊಂಡು ಬರುವರು. ಬೆನ್ನಿನ ನರ ಒತ್ತಲ್ಪಟ್ಟವರು, ಹಿಂದಿನ ವೈದ್ಯರು ಗೃಧ್ರಸಿಯೆಂದು ಕರೆದ ಆ ನೋವನ್ನು, ಮೀನಖಂಡದಲ್ಲಿ ಮಾತ್ರ ಅನುಭವಿಸಬಹುದು. ಇನ್ನೂ ತೊಡಕಿನ ವಿಷಯವೆಂದರೆ ಬೆನ್ನೂ ತೊಡೆಯ ಕೀಲೂ ಒಟ್ಟಿಗೆ ಕೆಟ್ಟಿರುವುದುಂಟು. ಈ ಜೋಡಿ ಬಾಧೆಗೆ ೧೯೮೩ರಲ್ಲಿ ಆಫಿಯರ್ಸ್ಕಿ ಮತ್ತು ಮ್ಯಾಕ್‌ನಾಬ್ ಎಂಬಿಬ್ಬರು ವೈದ್ಯರು ಪ್ರತ್ಯೇಕವಾದ ಹೆಸರನ್ನೇ ಕೊಟ್ಟರು. ತೊಡೆಯ ಕೀಲು ಬಿಗಿದು ಹಿಂದಕ್ಕೆ ಚಾಚದಿದ್ದರೆ, ನಡೆಯುವಾಗ ಆ ಕೊರತೆಯನ್ನು ಬೆನ್ನು ಬಳುಕಿ ತುಂಬಿಕೊಡಬೇಕಾಗುವುದು; ವರ್ಷಗಟ್ಟಲೆ ಹಾಗೆ ದುಡಿದ ಬೆನ್ನು ತಾನೂ ಮುನಿಯುವುದು. ಬೆನ್ನಿಗೆ ಎಷ್ಟು ಎಣ್ಣೆ ತಿಕ್ಕಿದರೂ ಕೀಲನ್ನು ನೋಡುವ ತನಕ ಅಂಥವರಿಗೆ ಸುಖವಿಲ್ಲ.

ಕೇಳಬೇಕಾದ ಪ್ರಶ್ನೆಗಳು

ಬೆಟ್ಟದ ಸೀಮೆಯ ಚಿಕಿತ್ಸಕರಿಗೆ ಬಯಲುಸೀಮೆಯವರಿಗಿಲ್ಲದ ಒಂದು ಅನುಕೂಲವುಂಟು: ಇಳಿಜಾರೇ ಇಲ್ಲಿ ಪರೀಕ್ಷಾಯಂತ್ರ. ‘ಏರು ಹತ್ತುವಾಗ ಕಷ್ಟವೋ, ಇಳಿಯುವಾಗಲೋ?’ ಎಂಬ ಒಂದು ಪ್ರಶ್ನೆಯಿಂದ ಬಹಳ ತಿಳಿಯುವುದು. ವಯಸ್ಸಾದವರಲ್ಲಿ ಬೆನ್ನೆಲುಬಿನ ಒಳನಾಳವು ಇಕ್ಕಟ್ಟಾಗಿದ್ದರೆ, ಇಳಿಯುವಾಗ ಮೈ ಹಿಂದಕ್ಕೆ ವಾಲಿ, ನಾಳವು ಇನ್ನಷ್ಟು ಕಿರಿದಾಗಿ, ಎರಡು ಕಾಲುಗಳೂ ಜೋಮು ಹಿಡಿದು ಭಾರವಾಗುವುವು. ಏರಿನಲ್ಲಿ ಮುಂದಕ್ಕೆ ಬಾಗಿ ನಡೆಯುವುದರಿಂದ ಆರಾಮವೆನಿಸುವುದು. ಇಂಥವರು ದಾರಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಎರಡು ನಿಮಿಷ ಸುಧಾರಿಸಿಕೊಂಡು ಮುಂದೆ ಹೋಗುವರು. ತೊಡೆಯ ಕೀಲು ಸವೆದವರಿಗೆ ಆ ಕುಕ್ಕರಗಾಲೇ ಆಗದು. ಬಸ್ಸಿನ ಮೆಟ್ಟಿಲು ಹತ್ತುವಾಗಲೂ, ಕಾಲುಂಗುರ ಸರಿಪಡಿಸಲು ಬಾಗುವಾಗಲೂ, ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವಾಗಲೂ ತೊಡೆಸಂದಿನಲ್ಲಿ ಚುಚ್ಚಿದಂತಾಗುವುದು. ಹೊರಮಗ್ಗುಲಿನ ಸ್ನಾಯುಬಂಧ ಕೆಟ್ಟವರ ದೂರು ರಾತ್ರಿಯದು: ಆ ಮಗ್ಗುಲಿಗೆ ಮಲಗಲಾಗುವುದಿಲ್ಲ.

ಬೆಳಗಿನ ಬಿಗಿತವನ್ನು ಕುರಿತು ಕೇಳದೆ ಯಾರನ್ನೂ ಕಳುಹಿಸಕೂಡದು. ಎದ್ದ ಮೇಲೆ ಹತ್ತಿಪ್ಪತ್ತು ನಿಮಿಷದೊಳಗೆ ಬಿಡುವ ಬಿಗಿತವು ಸವೆತದಲ್ಲಿ ಸಾಮಾನ್ಯ. ಆದರೆ ೪೦ ವರ್ಷದೊಳಗಿನ ತರುಣನು, ‘ನಸುಕಿನಲ್ಲಿ ನೋವಿಗೇ ಎಚ್ಚರವಾಗುತ್ತದೆ, ಎದ್ದು ಓಡಾಡಿದರೆ ಕಡಿಮೆಯಾಗುತ್ತದೆ, ಮಲಗಿದರೆ ಹೆಚ್ಚುತ್ತದೆ’ ಎಂದು ತಿಂಗಳುಗಟ್ಟಲೆ ಹೇಳುತ್ತಿದ್ದರೆ, ಅದು ಮೂಟೆ ಹೊತ್ತ ನೋವಲ್ಲ. ಬೆನ್ನೆಲುಬಿನ ಕೀಲುಗಳಿಗೆ ಉರಿಯೂತ ಹಿಡಿದಿರಬಹುದು. ಅಂಥವನನ್ನು ಕೀಲುರೋಗದ ವೈದ್ಯರ ಬಳಿಗೆ ಕಳುಹಿಸುವುದರಲ್ಲಿ ಆಗುವ ತಡದಿಂದ ಅವನ ಬೆನ್ನು ಬಾಗಿ ಬಿದಿರಿನ ಗಳುವಿನಂತೆ ಗಟ್ಟಿಯಾಗಿಬಿಡುವ ಅಪಾಯವಿದೆ.

ದನ ಕಟ್ಟಿರುವ ಮನೆಯವರಿಗೆ ಇನ್ನೊಂದು ಪ್ರಶ್ನೆಯನ್ನೂ ಹಾಕಬೇಕು. ಪೇಟೆಯ ಆಸ್ಪತ್ರೆಗಳಲ್ಲಿ ಇದು ಮರೆತುಹೋಗುವುದೇ ಹೆಚ್ಚು. ಗಬ್ಬದ ಹಸು ಅಕಾಲದಲ್ಲಿ ಕಂದು ಹಾಕಿತ್ತೇ? ಆ ಕಂದನ್ನೂ ಸತ್ತೆಯನ್ನೂ ಬರಿಗೈಯಲ್ಲಿ ಎತ್ತಿ ಹಾಕಿದವರು ಯಾರು? ಕಾಯಿಸದ ಹಾಲನ್ನು ಕುಡಿಯುವ ಅಭ್ಯಾಸವುಂಟೇ? ಬ್ರೂಸೆಲ್ಲೋಸಿಸ್ ಎಂಬ ರೋಗವು ಹೀಗೆ ದನದಿಂದ ಮನುಷ್ಯನಿಗೆ ಬರುವುದು. ಬಿಟ್ಟುಬಿಟ್ಟು ಜ್ವರ, ರಾತ್ರಿ ಬೆವರು, ಅದರೊಡನೆ ಬೆನ್ನು ಚಪ್ಪೆಗಳ ನೋವು ಇದರ ಲಕ್ಷಣಗಳು. ರಕ್ತಪರೀಕ್ಷೆಯಿಂದ ಗೊತ್ತಾಗುವ, ಔಷಧದಿಂದ ಗುಣವಾಗುವ ಈ ರೋಗಕ್ಕೆ ವ್ಯಾಯಾಮ ಹೇಳಿಕೊಟ್ಟು ಕಳುಹಿಸಿದರೆ ಅದು ಅನ್ಯಾಯವೇ ಸರಿ. ೪ರಿಂದ ೮ ತಿಂಗಳೊಳಗಿನ ಹೆಣ್ಣು ಕರುಗಳಿಗೆ ಈ ರೋಗದ ವಿರುದ್ಧ ಲಸಿಕೆ ಹಾಕುವ ರಾಷ್ಟ್ರೀಯ ಕಾರ್ಯಕ್ರಮವು ೨೦೧೯ರಲ್ಲಿ ಆರಂಭವಾಯಿತು. ರೈತರು ಕರುವಿನ ಹಿತಕ್ಕಾಗಿ ಮಾತ್ರವಲ್ಲ, ತಮ್ಮ ಸೊಂಟದ ಹಿತಕ್ಕಾಗಿಯೂ ಅದನ್ನು ಹಾಕಿಸತಕ್ಕದ್ದು.

ಒಂದು ಉದಾಹರಣೆ

ವಿಚಾರದ ಕ್ರಮವು ಸ್ಪಷ್ಟವಾಗುವಂತೆ ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳೋಣ. ವಯಸ್ಸು ೪೮. ದೋಣಿಗಲ್ ಸುತ್ತಿನ ಒಂದು ತೋಟದ ಲೈನಿನಲ್ಲಿ ವಾಸ. ನಾಟಿ ಮುಗಿದಂದಿನಿಂದ ಐದು ತಿಂಗಳು ಬಲಸೊಂಟದಲ್ಲಿ ನೋವು. ತೊಡೆಯ ಹೊರಮಗ್ಗುಲಿನಲ್ಲಿ ಮೊಣಕಾಲಿನವರೆಗೂ ಇಳಿಯುವುದು. ಯಾರೋ ತೆಗೆಸಿದ ಬೆನ್ನಿನ ಎಂ.ಆರ್.ಐ. ಚಿತ್ರದ ವರದಿಯಲ್ಲಿ ‘ಡಿಸ್ಕ್ ಉಬ್ಬಿದೆ’ ಎಂದಿದೆ. ಅಂದಿನಿಂದ ಆಕೆಯು ಬಗ್ಗಿ ಕೊಡವನ್ನು ಎತ್ತಿಲ್ಲ; ಪಟ್ಟಿ ಕಟ್ಟಿಕೊಂಡೇ ಕೆಲಸಕ್ಕೆ ಹೋಗುವಳು; ಅಂಗಡಿಯಿಂದ ತಂದ ನೋವಿನ ಮಾತ್ರೆಯು ದಿನಕ್ಕೆ ಎರಡು.

‘ಡಿಸ್ಕ್’ ಎಂಬ ಹೆಸರು ಬಿದ್ದ ಮೇಲೆ ಅದನ್ನು ಕೀಳುವುದು ಕಷ್ಟ. ಬಂದವರೆಲ್ಲ ಅದನ್ನೇ ಹಿಡಿದು ನಡೆಯುವರು. ಹಳದಿಯಾದ ಎಲೆಗೆಲ್ಲ ಯೂರಿಯಾ ಬರೆದುಕೊಡುವಂತೆ. ಆದರೆ ೧೯೯೪ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ ೯೮ ಜನರ ಚಿತ್ರಗಳನ್ನು ತೆಗೆದಾಗ ಅವರಲ್ಲಿ ಅರ್ಧಕ್ಕೂ ಸ್ವಲ್ಪ ಹೆಚ್ಚು ಜನರಿಗೆ, ಎಂದರೆ ನೂರಕ್ಕೆ ೫೨ ಮಂದಿಗೆ, ಒಂದಾದರೂ ಡಿಸ್ಕು ಉಬ್ಬಿದ್ದು ಕಂಡುಬಂದಿತು. ಚಿತ್ರದಲ್ಲಿ ಕಂಡುದು ನೋವಿಗೆ ಕಾರಣವಿರಬಹುದು, ತಲೆಯ ನರೆಗೂದಲಿನಂತೆ ವಯಸ್ಸಿನ ಗುರುತಷ್ಟೇ ಆಗಿರಲೂಬಹುದು. ಯಾವುದೆಂಬುದನ್ನು ಹೇಳಬೇಕಾದದ್ದು ಚಿತ್ರವಲ್ಲ, ಪರೀಕ್ಷೆ.

ಆದುದರಿಂದ ಚಿಕಿತ್ಸಕರು ನಾಲ್ಕು ಊಹೆಗಳನ್ನು ಎದುರಿಗಿಟ್ಟುಕೊಂಡು ಒಂದೊಂದನ್ನೇ ಕೆಡವಲು ಪ್ರಯತ್ನಿಸುವರು. ಊಹೆಯನ್ನು ಸಾಧಿಸಲು ಹೊರಡುವುದಕ್ಕಿಂತ ಕೆಡವಲು ಹೊರಡುವುದು ಮೇಲು. ಅಂಗಾತ ಮಲಗಿಸಿ ಕಾಲನ್ನು ನೇರವಾಗಿ ಎತ್ತಿದಾಗ ಮೊಣಕಾಲಿನ ಕೆಳಗೆ ನೋವು ಮಿಂಚಲಿಲ್ಲ. ಪಾದದ ಬಲವೂ ಸ್ಪರ್ಶಜ್ಞಾನವೂ ಸರಿಯಿವೆ. ನರ ಒತ್ತಿದೆಯೆಂಬ ಊಹೆಗೆ ಬಲ ಸಾಲದು. ಮೊಣಕಾಲನ್ನು ಮಡಿಸಿ ತೊಡೆಯನ್ನು ಒಳಕ್ಕೆ ತಿರುಗಿಸಿದಾಗ ಕೀಲು ಸರಾಗವಾಗಿ ತಿರುಗಿತು, ತೊಡೆಸಂದು ನೋಯಲಿಲ್ಲ. ತೊಡೆಯ ಕೀಲಿನ ಸವೆತವೂ ದೂರವಾಯಿತು. ಚಪ್ಪೆ ಮೂಳೆಗಳನ್ನು ಬೇರೆಬೇರೆ ದಿಕ್ಕುಗಳಿಂದ ಒತ್ತಿದಾಗ ಒಂದು ಒತ್ತಿಗೆ ಮಾತ್ರ ಸ್ವಲ್ಪ ನೋವು. ಹಿಂಬದಿಯ ಕೀಲನ್ನು ದೂಷಿಸಲು ಒಂದು ಪರೀಕ್ಷೆ ಸಾಲದು, ಮೂರಾದರೂ ಒಪ್ಪಬೇಕು. ಬೆನ್ನನ್ನು ಬಗ್ಗಿಸಿದಾಗ ನಡುವಿನಲ್ಲಿ ಪರಿಚಿತವಾದ ನೋವು ಬಂದಿತು. ಆದುದರಿಂದ ಬೆನ್ನಿನಿಂದಲೇ ಆರಂಭಿಸಿ ಎರಡು ವಾರ ಬೆನ್ನಿನ ವ್ಯಾಯಾಮಗಳನ್ನು ಮಾಡಿಸಿದರು.

ಎರಡು ವಾರದ ಮೇಲೆ ಬಗ್ಗುವುದು ಸುಲಭವಾಗಿದೆ. ಮಗ್ಗುಲಿನ ನೋವು ಮಾತ್ರ ಇದ್ದಲ್ಲಿಯೇ ಇದೆ. ಇಲ್ಲಿಯೇ ಚಿಕಿತ್ಸಕರ ಯೋಗ್ಯತೆ ತಿಳಿಯುವುದು. ‘ಇನ್ನೂ ನಾಲ್ಕು ವಾರ ಅದನ್ನೇ ಮಾಡಿ’ ಎನ್ನುವುದು ಸುಲಭ. ‘ನನ್ನ ಊಹೆ ಅರ್ಧ ತಪ್ಪಿತು’ ಎನ್ನುವುದು ಕಷ್ಟ. ಆಸ್ಟ್ರೇಲಿಯಾದ ಜೆಫ್ರಿ ಮೈಟ್ಲ್ಯಾಂಡ್ ಎಂಬ ಭೌತಚಿಕಿತ್ಸಕರು ತಮ್ಮ ಶಿಷ್ಯರಿಗೆ ಒತ್ತಿ ಕಲಿಸಿದ ವಿಷಯವೇ ಇದು: ಪ್ರತಿ ಚಿಕಿತ್ಸೆಗೂ ಮೊದಲು ಅಳೆ, ಅನಂತರವೂ ಅದನ್ನೇ ಅಳೆ, ಬದಲಾಗದಿದ್ದರೆ ನಿನ್ನ ದಾರಿಯನ್ನು ಬದಲಿಸು. ಮರುಪರೀಕ್ಷೆಯಲ್ಲಿ ಆಕೆಯನ್ನು ಬಲಗಾಲೊಂದರ ಮೇಲೆಯೇ ಅರ್ಧ ನಿಮಿಷ ನಿಲ್ಲಿಸಿದರು. ಇಪ್ಪತ್ತನೆಯ ಸೆಕೆಂಡಿನ ಹೊತ್ತಿಗೆ ಹೊರಮಗ್ಗುಲಿನ ಮೂಳೆಯ ಮೇಲೆ ಅದೇ ನೋವು ಎದ್ದಿತು. ಎಡಚಪ್ಪೆಯು ಕೆಳಕ್ಕೆ ಜಾರಿತು. ಹೀಗೆ ಚಪ್ಪೆ ಜಾರುವುದರ ಅರ್ಥವನ್ನು ಜರ್ಮನಿಯ ಟ್ರೆಂಡೆಲೆನ್‌ಬುರ್ಗ್ ಎಂಬ ವೈದ್ಯರು ೧೮೯೫ರಲ್ಲಿಯೇ ವಿವರಿಸಿದ್ದರು: ನಿಂತ ಕಾಲಿನ ಪಕ್ಕದ ಸ್ನಾಯುಗಳು ದುರ್ಬಲವಾಗಿವೆ. ಎದುರಿನ ಊಹೆಗಳಲ್ಲಿ ಕೊನೆಗೆ ಬಿಟ್ಟಿದ್ದ ಹೊರಮಗ್ಗುಲಿನ ಸ್ನಾಯುಬಂಧವೇ ಮುಖ್ಯ ಅಪರಾಧಿ, ಬೆನ್ನು ಜೊತೆಗಾರ. ಇಳಿಜಾರಿನಲ್ಲಿ ಒಂದೇ ಕಾಲಿನ ಮೇಲೆ ಭಾರ ಹಾಕಿ ಗಂಟೆಗಟ್ಟಲೆ ಹಣ್ಣು ಕುಯ್ಯುವ ಕೆಲಸದಲ್ಲಿ ಆ ಸ್ನಾಯುಬಂಧಕ್ಕೆ ಬಿಡುವೇ ಸಿಕ್ಕಿರಲಿಲ್ಲ.

ಈ ಬಾಧೆಗೆ ಮಾಡತಕ್ಕದ್ದೇನೆಂಬುದರಲ್ಲಿ ಈಗ ಒಳ್ಳೆಯ ಆಧಾರವಿದೆ. ಆಸ್ಟ್ರೇಲಿಯಾದಲ್ಲಿ ೨೦೪ ಜನರ ಮೇಲೆ ನಡೆಸಿ ೨೦೧೮ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಒಂದು ಗುಂಪಿಗೆ ತಿಳಿವಳಿಕೆ ಮತ್ತು ವ್ಯಾಯಾಮ, ಇನ್ನೊಂದಕ್ಕೆ ಸ್ಟಿರಾಯ್ಡ್ ಚುಚ್ಚುಮದ್ದು, ಮೂರನೆಯದಕ್ಕೆ ಸುಮ್ಮನೆ ಕಾದುನೋಡುವುದು ಎಂದು ಹಂಚಿದರು. ಎಂಟು ವಾರಗಳ ಮೇಲೆ ಗುಣವಾಯಿತೆಂದವರು ಮೊದಲನೆಯ ಗುಂಪಿನಲ್ಲಿ ನೂರಕ್ಕೆ ಸುಮಾರು ೭೭, ಎರಡನೆಯದರಲ್ಲಿ ೫೮, ಮೂರನೆಯದರಲ್ಲಿ ೨೯ ಮಂದಿ. ವ್ಯಾಯಾಮವೆಂದರೆ ಇಲ್ಲಿ ಗರಡಿಯ ಸಾಮು ಅಲ್ಲ: ಅಂಗಾತ ಮಲಗಿ ಮೊಣಕಾಲು ಮಡಿಸಿ ಸೊಂಟವನ್ನು ಮೇಲೆತ್ತುವುದು, ಕುರ್ಚಿಯಿಂದ ನಿಧಾನವಾಗಿ ಏಳುವುದು, ಮೆಟ್ಟಿಲನ್ನು ಚಪ್ಪೆ ಜಾರದಂತೆ ಹತ್ತುವುದು, ಪಕ್ಕಕ್ಕೆ ಹೆಜ್ಜೆ ಹಾಕುವುದು. ತಿಳಿವಳಿಕೆಯೂ ಅಷ್ಟೇ ಮುಖ್ಯ: ಒಂದೇ ಕಾಲಿಗೆ ಜೋತು ನಿಲ್ಲಬಾರದು, ಕಾಲ ಮೇಲೆ ಕಾಲು ಹಾಕಿ ಕೂರಬಾರದು, ಮಗ್ಗುಲಾಗಿ ಮಲಗುವಾಗ ಮೊಣಕಾಲುಗಳ ನಡುವೆ ಕಂಬಳಿಯನ್ನು ಮಡಿಸಿ ಇಟ್ಟುಕೊಳ್ಳಬೇಕು.

ನೋವಿನ ಕಾವಲುನಾಯಿ

ಆಕೆಯ ಸಂಗತಿಯಲ್ಲಿ ಇನ್ನೊಂದು ಅಂಶವನ್ನು ಬಿಡುವಂತಿಲ್ಲ. ಆನೆಯ ಕಾಟವಿರುವ ಈ ಸೀಮೆಯಲ್ಲಿ ಎಲ್ಲರೂ ಕಂಡಿರುವ ಸಂಗತಿಯೊಂದುಂಟು: ಒಂದು ರಾತ್ರಿ ಆನೆ ತೋಟಕ್ಕೆ ನುಗ್ಗಿ ಹೋದ ಮೇಲೆ ಮನೆಯ ನಾಯಿ ಅನೇಕ ದಿನ ಒಣಗಿದೆಲೆ ಬಿದ್ದರೂ ಬೊಗಳುವುದು. ನಾಯಿ ಸುಳ್ಳು ಹೇಳುತ್ತಿಲ್ಲ. ಅದರ ಕಿವಿ ಸೂಕ್ಷ್ಮವಾಗಿದೆ. ತಿಂಗಳುಗಟ್ಟಲೆ ನೋವುಂಡ ನರಮಂಡಲವೂ ಹಾಗೆಯೇ ಆಗಬಹುದು. ಮೂಲದ ಗಾಯ ಮಾಗಿದ ಮೇಲೂ ಸಣ್ಣ ಚಲನೆಗೆ ದೊಡ್ಡ ನೋವು ಬರುವುದು. ಇದನ್ನು ‘ಸೋಗು’ ಎಂದು ಕರೆಯುವ ಮೇಸ್ತ್ರಿಗಳು ತಪ್ಪು ತಿಳಿದಿರುವರು. ಭಯ, ನಿದ್ರೆಯ ಕೊರತೆ, ಸಾಲ, ಕೆಲಸಕ್ಕೆ ಬಾರದಿದ್ದರೆ ಲೈನಿನ ಮನೆ ಬಿಡಬೇಕಾದೀತೆಂಬ ಚಿಂತೆ, ಇವೆಲ್ಲ ಆ ನಾಯಿಯನ್ನು ಇನ್ನಷ್ಟು ಕೆರಳಿಸುವುವು. ‘ನಿಮ್ಮ ಡಿಸ್ಕು ಹೋಗಿದೆ, ಇನ್ನು ಬಗ್ಗಬೇಡಿ’ ಎಂಬ ವೈದ್ಯರ ಒಂದು ಮಾತು ವರ್ಷಗಟ್ಟಲೆ ಬೊಗಳಿಸಬಲ್ಲದು. ಆದುದರಿಂದ ಕೊಡ ಎತ್ತಲು ಹೆದರುವವಳಿಗೆ ಮೊದಲು ಖಾಲಿ ಕೊಡವನ್ನೂ, ವಾರ ಕಳೆದ ಮೇಲೆ ಕಾಲು ಕೊಡ ನೀರನ್ನೂ ಎತ್ತಿಸುವುದು ಸ್ನಾಯುವಿಗೆ ಮಾತ್ರವಲ್ಲ, ಭಯಕ್ಕೂ ಚಿಕಿತ್ಸೆ.

ವಿಶ್ವ ಆರೋಗ್ಯ ಸಂಸ್ಥೆಯು ಹಳೆಯ ಬೆನ್ನುನೋವನ್ನು ಕುರಿತು ೨೦೨೩ರ ಡಿಸೆಂಬರಿನಲ್ಲಿ ಹೊರಡಿಸಿದ ಸೂಚನೆಗಳೂ ಈ ದಿಕ್ಕಿನವೇ. ತಿಳಿವಳಿಕೆಯನ್ನೂ ವ್ಯಾಯಾಮವನ್ನೂ ಅದು ಶಿಫಾರಸು ಮಾಡಿದೆ. ಸೊಂಟದ ಪಟ್ಟಿಯನ್ನೂ, ತೂಕ ಕಟ್ಟಿ ಎಳೆಯುವ ಚಿಕಿತ್ಸೆಯನ್ನೂ ವಾಡಿಕೆಯಾಗಿ ಕೊಡಬಾರದೆಂದಿದೆ. ಹಾಸಿಗೆ ಹಿಡಿಸುವುದರ ವಿಷಯ ಇನ್ನೂ ಹಳೆಯದು: ಅಮೆರಿಕದಲ್ಲಿ ೧೯೮೬ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಏಳು ದಿನ ಮಲಗಲು ಹೇಳಿಸಿಕೊಂಡವರಿಗಿಂತ ಎರಡು ದಿನ ಮಾತ್ರ ಮಲಗಲು ಹೇಳಿಸಿಕೊಂಡವರು ಕೆಲಸದ ದಿನಗಳನ್ನು ಕಳೆದುಕೊಂಡದ್ದು ನೂರಕ್ಕೆ ೪೫ರಷ್ಟು ಕಡಿಮೆ. ನಾಲ್ಕು ದಶಕಗಳ ಮೇಲೂ ‘ಮೂರು ವಾರ ಏಳಬೇಡಿ’ ಎನ್ನುವವರು ನಮ್ಮಲ್ಲಿರುವುದು ಖೇದಕರ. ಅಂಗಡಿಯ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವುದರಿಂದ ಹೊಟ್ಟೆಯಲ್ಲಿ ಹುಣ್ಣೂ ಮೂತ್ರಪಿಂಡಕ್ಕೆ ಹಾನಿಯೂ ಆಗುವುದೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ.

ಹಂದಿಗೋಡಿನ ಪಾಠ

ಊಹೆಯು ತಪ್ಪಿದರೆ ಒಬ್ಬ ರೋಗಿಗೆ ಮಾತ್ರವಲ್ಲ, ಒಂದು ಸೀಮೆಗೇ ಹೇಗೆ ದಾರಿತಪ್ಪುವುದೆಂಬುದಕ್ಕೆ ನಮ್ಮ ಮಲೆನಾಡಿನಲ್ಲಿಯೇ ನಿದರ್ಶನವಿದೆ. ೧೯೭೦ರ ದಶಕದ ಮಧ್ಯದಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಹಳ್ಳಿಯಲ್ಲಿ ಬಡ ಕೃಷಿಕೂಲಿಗಳ ಕುಟುಂಬಗಳನ್ನು ಒಂದು ವಿಚಿತ್ರವಾದ ಸೊಂಟನೋವು ಹಿಡಿದಿರುವುದು ಬೆಳಕಿಗೆ ಬಂದಿತು. ತೊಡೆಯ ಕೀಲುಗಳು ಎಳೆಯ ವಯಸ್ಸಿನಲ್ಲಿಯೇ ಕೆಟ್ಟು, ಕೆಲವರು ಬಾತುಕೋಳಿಯಂತೆ ಹೊಯ್ದಾಡುತ್ತ ನಡೆಯುವರು. ಕೆಲವರಿಗೆ ಬೆನ್ನೆಲುಬೂ ಕೆಟ್ಟು ಎತ್ತರ ಕುಗ್ಗಿತ್ತು. ಕೆಲವರು ಹುಟ್ಟಾ ಕುಳ್ಳರು. ಆ ಕಾಲದಲ್ಲಿ ಗದ್ದೆಗಳಿಗೆ ಹೊಸ ಕೀಟನಾಶಕಗಳು ಬಂದಿದ್ದುವು. ಈ ಬಡವರು ಗದ್ದೆಯ ಏಡಿಯನ್ನೂ ಮೀನನ್ನೂ ಹಿಡಿದು ತಿನ್ನುವರು. ಆದುದರಿಂದ ವಿಷವು ಏಡಿಯ ಮೂಲಕ ಮೂಳೆಗೆ ಹೋಗಿದೆ ಎಂಬ ಊಹೆ ಹುಟ್ಟಿ, ಬಹುಕಾಲ ಜನರ ಮನಸ್ಸಿನಲ್ಲಿ ನಿಂತಿತು.

ಊಹೆಯು ಅಯುಕ್ತವಾಗಿರಲಿಲ್ಲ, ಆದರೆ ಅದನ್ನು ಕೆಡವಬಲ್ಲ ಪ್ರಶ್ನೆಗಳನ್ನು ಕೇಳಬೇಕಾಗಿತ್ತು. ಅದೇ ಗದ್ದೆಯ ನೀರಿನ ಬಳಿ ಬಾಳುವ ಬೇರೆಯವರಿಗೆ ಏಕಿಲ್ಲ? ತಂದೆಗಿದ್ದರೆ ಮಗನಿಗೋ ಮಗಳಿಗೋ ಕಾಣಿಸಿಕೊಳ್ಳುವುದೇಕೆ? ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು ೧೯೭೭ರಲ್ಲಿ ಪ್ರಕಟಿಸಿದ ಲೇಖನದಲ್ಲಿಯೇ ಇದನ್ನು ಮಲೆನಾಡಿನ ಕೌಟುಂಬಿಕ ಕೀಲುರೋಗವೆಂದು ಕರೆದರು. ೧೯೯೪ರಲ್ಲಿ ಪ್ರಕಟವಾದ ಕ್ಷಕಿರಣ ಚಿತ್ರಗಳ ಅಧ್ಯಯನವು, ಇದು ಮೂಳೆಗಳ ಬೆಳೆಯುವ ತುದಿಗಳಲ್ಲಿಯೇ ದೋಷವಿರುವ, ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಇಳಿಯುವ ವಂಶಪಾರಂಪರ್ಯ ವ್ಯಾಧಿಯೆಂದು ತೋರಿಸಿತು. ಕೀಟನಾಶಕವನ್ನು ಹಿಡಿತವಿಲ್ಲದೆ ಬಳಸಬಹುದೆಂದು ಇದರ ಅರ್ಥವಲ್ಲ. ಈ ಒಂದು ಅಪರಾಧ ಅದರದಲ್ಲ, ಅಷ್ಟೇ. ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಈ ಕಾಯಿಲೆ ಕಂಡುಬಂದಿದೆ. ಆದುದರಿಂದ ಮಲೆನಾಡಿನ ಯಾವ ಭಾಗದಲ್ಲಿಯೇ ಆಗಲಿ, ಚಿಕ್ಕ ವಯಸ್ಸಿನವರು ತೊಡೆಯ ಕೀಲಿನ ನೋವೆಂದು ಬಂದರೆ, ‘ಮನೆಯಲ್ಲಿ ಇನ್ನಾರಿಗಾದರೂ ಉಂಟೇ?’ ಎಂದು ಕೇಳತಕ್ಕದ್ದು. ಉಂಟೆಂದಾದರೆ ಭೌತಚಿಕಿತ್ಸೆಯ ಗುರಿಯೇ ಬೇರೆಯಾಗುವುದು. ಕೀಲನ್ನು ಹೊಸದು ಮಾಡುವ ಆಸೆಯನ್ನು ಬಿಟ್ಟು, ಇರುವ ಸ್ನಾಯುಬಲವನ್ನು ಉಳಿಸುವುದು, ಸರಿಯಾದ ಅಳತೆಯ ಊರುಗೋಲು ಕೊಡುವುದು, ಕುಳಿತು ಮಾಡುವ ಕೆಲಸವನ್ನು ಹುಡುಕುವುದು, ಶಸ್ತ್ರಚಿಕಿತ್ಸೆಯ ಕಾಲವನ್ನು ಮೂಳೆವೈದ್ಯರೊಡನೆ ನಿರ್ಧರಿಸುವುದು.

ತಡಮಾಡದೆ ಆಸ್ಪತ್ರೆಗೆ ಕಳುಹಿಸಬೇಕಾದವರು

ವ್ಯಾಯಾಮದ ಮಾತನ್ನೇ ಎತ್ತಕೂಡದ ಸಂದರ್ಭಗಳನ್ನು ಪ್ರತಿಯೊಬ್ಬ ತೋಟದ ಮಾಲೀಕನೂ ತಿಳಿದಿರುವುದು ಒಳ್ಳೆಯದು. ಬೆನ್ನುನೋವಿನೊಡನೆ ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಮಲದ ಹಿಡಿತ ತಪ್ಪುವುದು, ಕೂರುವ ಜಾಗದಲ್ಲಿ ಸ್ಪರ್ಶವೇ ತಿಳಿಯದಿರುವುದು, ಇವು ಕಂಡರೆ ನಾಳೆಯವರೆಗೆ ಕಾಯುವಂತಿಲ್ಲ. ಅದೇ ದಿನ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು. ಸಂಜೆಯ ಜ್ವರ, ತೂಕ ಇಳಿಯುವುದು, ರಾತ್ರಿ ಬಿಡದ ನೋವು ಇದ್ದರೆ ಬೆನ್ನೆಲುಬಿನ ಕ್ಷಯವನ್ನು ನೆನೆಯಬೇಕು. ವಯಸ್ಸಾದವರು ಕಣದಲ್ಲಿ ಜಾರಿ ಬಿದ್ದು, ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿಕೊಂಡಿದ್ದರೆ ತೊಡೆಮೂಳೆಯ ಕತ್ತು ಮುರಿದಿದೆ. ತಿಕ್ಕುವುದಾಗಲಿ ಎಳೆಯುವುದಾಗಲಿ ಸರ್ವಥಾ ಕೂಡದು. ಕುಡಿತದ ಅಭ್ಯಾಸವಿರುವ ಅಥವಾ ಸ್ಟಿರಾಯ್ಡ್ ಔಷಧವನ್ನು ಬಹುದಿನ ನುಂಗಿದ ನಡುವಯಸ್ಸಿನ ಗಂಡಸಿಗೆ ತೊಡೆಸಂದಿನ ನೋವು ಬಂದು ಕುಂಟು ಹಿಡಿದರೆ, ತೊಡೆಮೂಳೆಯ ಚೆಂಡಿಗೆ ರಕ್ತ ನಿಂತಿರಬಹುದು. ಆರಂಭದ ಸಾಧಾರಣ ಕ್ಷಕಿರಣ ಚಿತ್ರದಲ್ಲಿ ಇದು ಕಾಣಿಸದೆ ಹೋಗಬಹುದು. ಚೆಂಡು ಕುಸಿಯುವ ಮೊದಲೇ ಎಂ.ಆರ್.ಐ. ಮಾಡಿಸಿದರೆ ಕೀಲನ್ನು ಉಳಿಸುವ ಅವಕಾಶವುಂಟು. ಕುಂಟುವ ಮಗುವನ್ನು ‘ಬೆಳೆಯುವ ನೋವು’ ಎಂದು ಮನೆಯಲ್ಲಿ ಇಟ್ಟುಕೊಳ್ಳಬಾರದು.

ತೋಟದಲ್ಲಿ ಮಾಡಬಹುದಾದ ಏರ್ಪಾಡು

ಚಿಕಿತ್ಸೆಯ ಕೋಣೆಯಲ್ಲಿ ಅರ್ಧ ಗಂಟೆ ಮಾಡಿದ್ದನ್ನು ಇಳಿಜಾರಿನಲ್ಲಿ ಎಂಟು ಗಂಟೆ ಕೆಡಿಸಿದರೆ ಫಲವಿಲ್ಲ. ಮೇಲೆ ಹೇಳಿದ ರೋಗಿಗೆ ಕೆಲಸವನ್ನು ಪೂರ್ತಿ ಬಿಡಿಸುವುದರಿಂದ ಕೂಲಿಯೂ ಹೋಗುವುದು, ಸ್ನಾಯುವೂ ಸೊರಗುವುದು. ಅದರ ಬದಲು ಮೇಸ್ತ್ರಿಯು ಆಕೆಯನ್ನು ಕೆಲವು ವಾರ ಕಣದ ಹತ್ತಿರದ ಸಮನೆಲದ ಸಾಲಿಗೆ ಹಾಕಬಹುದು. ಸಾಲು ಮುಗಿದಂತೆಲ್ಲ ಬಲದಿಂದ ಎಡಕ್ಕೆ ತಿರುಗಿ ಹಿಂದಿರುಗಿದರೆ ಒಂದೇ ಕಾಲು ಸದಾ ಕೆಳಗಿರುವುದು ತಪ್ಪುವುದು. ಸೊಂಟದ ಚೀಲವು ತುಂಬುವ ಮುನ್ನವೇ ಸುರಿದು ಬರಲು ಅವಕಾಶ ಕೊಡಬೇಕು. ಮೂಟೆಯನ್ನು ಪೂರ್ತಿ ತುಂಬದೆ ಇಬ್ಬರು ಹಿಡಿದೆತ್ತುವುದೂ, ನೆಲದಿಂದಲ್ಲದೆ ಸೊಂಟದೆತ್ತರದ ಕಟ್ಟೆಯಿಂದ ಹೊರೆ ಏರಿಸುವುದೂ ಖರ್ಚಿಲ್ಲದ ಏರ್ಪಾಡುಗಳು. ನಾಟಿಯ ಕಾಲದಲ್ಲಿ ಸಾಲಿನ ಕೊನೆ ಮುಟ್ಟಿದಾಗಲೆಲ್ಲ ನೆಟ್ಟಗೆ ನಿಂತು, ಕೈಗಳನ್ನು ಸೊಂಟದ ಹಿಂದಿಟ್ಟು ನಾಲ್ಕಾರು ಸಲ ಹಿಂದಕ್ಕೆ ಬಾಗುವುದನ್ನು ಹೆಂಗಸರು ತಾವಾಗಿಯೇ ಮಾಡುತ್ತಿರುವರು. ಅದಕ್ಕೆ ಗದರಿಸದಿದ್ದರೆ ಸಾಕು.

ರೋಗಿಯನ್ನು ಮೊದಲು ಸಕಲೇಶಪುರದ ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ತೋರಿಸಿ, ಅವರು ಹೇಳಿದಲ್ಲಿ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಹೋಗಬಹುದು. ಹೋಗುವಾಗ ಹಳೆಯ ಚಿತ್ರಗಳ ಕಟ್ಟಿನೊಡನೆ ಒಂದು ಚೀಟಿಯನ್ನೂ ಒಯ್ಯುವುದು ಮೇಲು: ನೋವು ಯಾವ ಕೆಲಸದ ಕಾಲದಲ್ಲಿ ಮೊದಲಾಯಿತು, ಏರಿನಲ್ಲೋ ಇಳಿಜಾರಿನಲ್ಲೋ ಹೆಚ್ಚು, ಬೆಳಗ್ಗೆಯೋ ರಾತ್ರಿಯೋ, ಯಾವ ಮಾತ್ರೆಗಳನ್ನು ಎಷ್ಟು ದಿನ ನುಂಗಿದೆ, ದನ ಕಂದು ಹಾಕಿತ್ತೇ, ಮನೆಯಲ್ಲಿ ಇನ್ನಾರಿಗಿದೆ. ಬರೆಯಲು ಬಾರದವರಿಗೆ ತೋಟದ ರೈಟರು ಬರೆದುಕೊಡಬಹುದು. ಅದಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯದು.